ಮಾಮೂ, ಮೊಮ್ಮಗ ಮತ್ತು ಕಾಫಿ ತೋಟದ ಜಾವಾ

ನೀವು ಮೈಸೂರಿಗೆ ಹೋಗಿಯೇ ಇರುತ್ತೀರಿ. ಅರಮನೆ ನೋಡಿರುತ್ತೀರಿ, ಮಕ್ಕಳಿಗೆ ಮೃಗಾಲಯ ತೋರಿಸಿರುತ್ತೀರಿ, ದೇವರಾಜ ಮಾರುಕಟ್ಟೆಯಲ್ಲಿ ಚೌಕಾಸಿ ಮಾಡಿರುತ್ತೀರಿ. ಆದರೆ ರೈಲು ನಿಲ್ದಾಣಕ್ಕೆ ಹತ್ತಿರದಲ್ಲೇ ಇರುವ ಯಾದವಗಿರಿಗೆ ಹೋದವರು ಕಡಿಮೆ. ಅಲ್ಲಿ ಮೈಸೂರು ಆಕಾಶವಾಣಿ ಇದೆ, ಲೇಖಕ ಆರ್.ಕೆ. ನಾರಾಯಣ್ ಅವರ ಮನೆ ಇದೆ. ಒಂದು ಕಾಲದಲ್ಲಿ ಅದೇ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಎಂಬ ಕಾರ್ಖಾನೆಯೂ ಇತ್ತು. ನಿಮ್ಮ ತಂದೆಯೋ ಮಾವನೋ ಓಡಿಸುತ್ತಿದ್ದ ಜಾವಾ ಅಥವಾ ಯೆಜ್ದಿ ಹುಟ್ಟಿದ್ದು ಅಲ್ಲೇ.

ಜಾವಾ ಎಂದೊಡನೆ ಇಂಡೋನೇಷ್ಯಾದ ದ್ವೀಪ ನೆನಪಾಗಬಹುದು. ಅದಕ್ಕೂ ಇದಕ್ಕೂ ಸಂಬಂಧವಿಲ್ಲ. 1929ರಲ್ಲಿ ಚೆಕೊಸ್ಲೊವಾಕಿಯಾದ ಫ್ರಾಂಟಿಷೆಕ್ ಯಾನೆಚೆಕ್ ಎಂಬವರು ಜರ್ಮನಿಯ ವಾಂಡರರ್ ಕಂಪೆನಿಯ ಮೋಟಾರ್ ಸೈಕಲ್ ತಯಾರಿಕೆಯ ಹಕ್ಕನ್ನು ಕೊಂಡರು. ಇಬ್ಬರ ಹೆಸರಿನ ಮೊದಲ ಅಕ್ಷರಗಳು ಸೇರಿ ಜಾವಾ ಆಯಿತು. ಮೂರು ದಶಕಗಳ ನಂತರ ರುಸ್ತುಂ ಇರಾನಿ ಮತ್ತು ಫಾರೂಖ್ ಇರಾನಿ ಅದನ್ನು ನಮ್ಮ ಮೈಸೂರಿಗೆ ತಂದರು. 1961ರಿಂದ ಯಾದವಗಿರಿಯಲ್ಲಿ ಬೈಕುಗಳು ತಯಾರಾಗತೊಡಗಿದವು. 1973ರಲ್ಲಿ ಹೆಸರು ಯೆಜ್ದಿ ಎಂದು ಬದಲಾಯಿತು. ಇರಾನಿನ ಯಜ್ದ್ ಪಟ್ಟಣದ ನೆನಪು ಆ ಹೆಸರಿನಲ್ಲಿದೆ. ಕಾರ್ಖಾನೆ ಮುಚ್ಚಿದ್ದು 1996ರಲ್ಲಿ.

ಇಷ್ಟೆಲ್ಲ ಏಕೆ ಹೇಳುತ್ತಿದ್ದೇನೆಂದರೆ, ಆ ಕಾರ್ಖಾನೆಯಿಂದ 1970ರಲ್ಲಿ ಹೊರಬಂದ ಒಂದು ಜಾವಾ ನನ್ನ ಸೋದರಮಾವನ ಮನೆಯಲ್ಲಿತ್ತು. 2024ರ ಮಳೆಗಾಲದಲ್ಲಿ ಅದನ್ನು ಗುಜರಿಗೆ ಕೊಡಬೇಕೋ ಉಳಿಸಿಕೊಳ್ಳಬೇಕೋ ಎಂಬ ಮಾತು ಮನೆಯಲ್ಲಿ ಎದ್ದಿತು. ಮಾತು ಎನ್ನುವುದಕ್ಕಿಂತ ಮನಸ್ತಾಪ ಎನ್ನಬೇಕು. ಅದನ್ನು ಬಗೆಹರಿಸಲೆಂದು ಮಾಮೂ ಅವರ ಮಗನ ಜೊತೆ ನಾನೂ ಕೊಡಗಿಗೆ ಹೊರಟೆ. ಬನ್ನಿ, ನಿಮ್ಮನ್ನೂ ಆ ದಾರಿಯಲ್ಲಿ ಕರೆದೊಯ್ಯುತ್ತೇನೆ.

ಮೈಸೂರಿನಿಂದ ಮಡಿಕೇರಿ ರಸ್ತೆ ಹಿಡಿದರೆ ಮೊದಲು ಹುಣಸೂರು, ಆಮೇಲೆ ಪಿರಿಯಾಪಟ್ಟಣ. ಎರಡೂ ಕಡೆ ಹೊಗೆಸೊಪ್ಪಿನ ಹೊಲಗಳು, ಎಲೆ ಬೇಯಿಸುವ ಎತ್ತರದ ಬ್ಯಾರನ್‌ಗಳು. ಬೈಲುಕುಪ್ಪೆಯಲ್ಲಿ ಟಿಬೆಟಿಯನ್ನರ ನೆಲೆ. ಕುಶಾಲನಗರದ ಹತ್ತಿರ ಕಾವೇರಿ ದಾಟಿದರೆ ಗಾಳಿಯೇ ಬೇರೆ. ಅಲ್ಲಿಂದ ರಸ್ತೆ ಏರತೊಡಗುತ್ತದೆ. ಸಿಲ್ವರ್ ಓಕ್ ಮರಗಳು, ಅವುಗಳಿಗೆ ಹಬ್ಬಿದ ಕಾಳುಮೆಣಸಿನ ಬಳ್ಳಿ, ಕೆಳಗೆ ಕಾಫಿ ಗಿಡ. ಸುಂಟಿಕೊಪ್ಪ ಬರುವಷ್ಟರಲ್ಲಿ ಮಳೆ ಶುರುವಾಗಿತ್ತು. ಅಲ್ಲಿಂದ ಒಳಗೆ ಹೋಗುವ ದಾರಿಯ ಕೊನೆಯ ನಾಲ್ಕು ಕಿಲೋಮೀಟರ್‌ಗೆ ರಸ್ತೆ ಎಂಬ ಹೆಸರು ಒಪ್ಪುವುದಿಲ್ಲ. ಕೆಂಪು ಕೆಸರು, ನೀರು ಕೊರೆದ ಚರಂಡಿ, ಜಾರುವ ಕಲ್ಲು. ನಮ್ಮ ಕಾರು ಅರ್ಧದಲ್ಲೇ ನಿಂತಿತು. ಚಪ್ಪಲಿ ಕೈಯಲ್ಲಿ ಹಿಡಿದು, ಜಿಗಣೆ ಕೀಳುತ್ತಾ ನಡೆದೇ ಹೋದೆವು.

ಮಾಮೂ ಆ ತೋಟದಲ್ಲಿ ಮೂವತ್ತೈದು ವರ್ಷ ರೈಟರ್ ಆಗಿದ್ದವರು. ಆಳುಗಳ ಹಾಜರಿ ಬರೆಯುವುದು, ಕೆಲಸ ಹಂಚುವುದು, ಕಣದಲ್ಲಿ ಒಣಗುವ ಕಾಫಿಯ ಲೆಕ್ಕ ನೋಡುವುದು ಅವರ ಕೆಲಸ. ತೋಟದ ಒಂದು ತುದಿಯಿಂದ ಇನ್ನೊಂದು ತುದಿಗೆ ದಿನಕ್ಕೆ ನಾಲ್ಕೈದು ಬಾರಿ ಓಡಾಡಬೇಕು. ಅದಕ್ಕಾಗಿ 1972ರಲ್ಲಿ ಎರಡು ವರ್ಷ ಓಡಿದ್ದ ಈ ಜಾವಾವನ್ನು ಕೊಂಡಿದ್ದರು. ಕೆಂಗಂದು ಬಣ್ಣ, ಟ್ಯಾಂಕಿನ ಪಕ್ಕಕ್ಕೆ ದಂತದ ಬಣ್ಣದ ಪಟ್ಟಿ. ಹಾಗಾಗಿ ಅದು ಡಾಂಬರು ಕಂಡದ್ದು ಕಡಿಮೆ. ಅದರ ಆಯುಷ್ಯವೆಲ್ಲ ಕಳೆದದ್ದು ಕೆಸರಿನಲ್ಲೇ.

ಬೈಕಿನ ವಿಷಯ ನಮಗೇಕೆ ಎಂದು ಪುಟ ತಿರುಗಿಸಬೇಡಿ. ಈ ಗಾಡಿಯ ರಚನೆಯಲ್ಲಿ ಹೆಂಗಸರಿಗೂ ಸಂಬಂಧಿಸಿದ ಒಂದು ಸಂಗತಿ ಇದೆ. ಇಂದಿನ ಬಹಳಷ್ಟು ಬೈಕುಗಳಲ್ಲಿ ಚೈನು ಹೊರಗೆ ಕಾಣುತ್ತದೆ. ಹಳೆಯ ಜಾವಾದಲ್ಲಿ ಚೈನು ಪೂರ್ತಿಯಾಗಿ ತಗಡಿನ ಪೆಟ್ಟಿಗೆಯೊಳಗೆ ಇರುತ್ತದೆ. ಕೆಸರು ಒಳಗೆ ಹೋಗುವುದಿಲ್ಲ, ಸೀರೆಯ ಸೆರಗೋ ಬುರ್ಖಾದ ತುದಿಯೋ ಚೈನಿಗೆ ಸಿಕ್ಕುವುದಿಲ್ಲ. ಇನ್ನೊಂದು ವಿಶೇಷವೆಂದರೆ ಕಿಕ್ ಮತ್ತು ಗೇರಿಗೆ ಒಂದೇ ಲಿವರ್. ಅದನ್ನು ಒಳಗೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಕಿಕ್, ಕೆಳಗೆ ಇಳಿಸಿದರೆ ಗೇರು. ಆ ಗೇರನ್ನು ಕಾಲಿನಿಂದ ಒತ್ತಿದಾಗ ಕ್ಲಚ್ ತಾನಾಗಿ ಬಿಟ್ಟುಕೊಳ್ಳುತ್ತದೆ. ಕೆಸರಿನಲ್ಲಿ ಎರಡೂ ಕೈಯಿಂದ ಹ್ಯಾಂಡಲ್ ಬಿಗಿಯಾಗಿ ಹಿಡಿಯಬೇಕಾದವನಿಗೆ ಇದು ಎಷ್ಟು ದೊಡ್ಡ ಅನುಕೂಲ ಎಂಬುದನ್ನು ಊಹಿಸಿ. ಇಂಜಿನ್ ಟೂ ಸ್ಟ್ರೋಕ್. ಒಂದೇ ಸಿಲಿಂಡರ್, ಆದರೆ ಸೈಲೆನ್ಸರ್ ಎರಡು. ಒಳಗೆ ವಾಲ್ವ್‌ಗಳಿಲ್ಲ, ಚಲಿಸುವ ಭಾಗಗಳು ಕಡಿಮೆ. ಕೆಟ್ಟರೆ ದಾರಿಯಲ್ಲೇ ಬಿಚ್ಚಿ ಸರಿಮಾಡಬಹುದು.

ಕೆಟ್ಟ ದಾರಿಯಲ್ಲಿ ಬೈಕ್ ಓಡಿಸುವುದು ನಮ್ಮ ಮಾಮೂಗೆ ಹೊಟ್ಟೆಪಾಡಾಗಿತ್ತು. ಯುರೋಪಿನಲ್ಲಿ ಅದು ದೊಡ್ಡ ಕ್ರೀಡೆ. 1913ರಲ್ಲಿ ಇಂಗ್ಲೆಂಡಿನ ಕಾರ್ಲೈಲ್‌ನಲ್ಲಿ ಆರು ದಿನಗಳ ಅಂತರರಾಷ್ಟ್ರೀಯ ಸ್ಪರ್ಧೆ ಆರಂಭವಾಯಿತು. ಬೆಟ್ಟ, ಕಾಡು, ಹಳ್ಳಗಳ ದಾರಿಯಲ್ಲಿ ಆರು ದಿನ ಬೈಕ್ ಓಡಿಸಬೇಕು. ಗಾಡಿ ಕೆಟ್ಟರೆ ಸವಾರನೇ ತನ್ನ ಬಳಿ ಇರುವ ಉಪಕರಣಗಳಿಂದ ಸರಿಮಾಡಿಕೊಳ್ಳಬೇಕು. ಮೆಕ್ಯಾನಿಕ್ ಬಂದು ಕೈಹಾಕುವಂತಿಲ್ಲ. ಜಾವಾ ಹೆಸರು ಮಾಡಿದ್ದು ಇಂಥ ಸ್ಪರ್ಧೆಗಳಲ್ಲೇ. 1970ರಿಂದ 1974ರವರೆಗೆ ಸತತ ಐದು ವರ್ಷ ಅದರ ಮುಖ್ಯ ಟ್ರೋಫಿ ಚೆಕೊಸ್ಲೊವಾಕಿಯಾದ ಪಾಲಾಯಿತು. ಮಾಮೂಗೆ ಇದಾವುದೂ ಗೊತ್ತಿರಲಿಲ್ಲ. ಆದರೆ ಆ ಸ್ಪರ್ಧೆಯ ನಿಯಮವನ್ನು ಅವರು ತೋಟದಲ್ಲಿ ಮೂವತ್ತೈದು ವರ್ಷ ಪಾಲಿಸಿದ್ದರು. ಸೀಟಿನ ಕೆಳಗೆ ಒಂದು ಸ್ಪೇರ್ ಪ್ಲಗ್ಗು, ಒಂದು ತುಂಡು ಮರಳು ಕಾಗದ, ಎರಡು ಸ್ಪ್ಯಾನರ್, ಒಂದು ಒಣ ಬಟ್ಟೆ ಸದಾ ಇರುತ್ತಿದ್ದವು.

ಮುಮಾನಿ ತೀರಿಕೊಂಡ ಮೇಲೆ ಮಾಮೂ ಬೈಕ್ ಮುಟ್ಟಲಿಲ್ಲ. ಹೆಚ್ಚು ಮಾತನ್ನೂ ಆಡಲಿಲ್ಲ. ಕೇಳಿದ್ದಕ್ಕೆ ಹೌದು, ಇಲ್ಲ ಎನ್ನುವರು, ಅಷ್ಟೇ. ಬೈಕು ಕೊಟ್ಟಿಗೆಯಲ್ಲಿ ಟಾರ್ಪಾಲಿನ ಕೆಳಗೆ ಆರು ವರ್ಷ ಮಲಗಿತು. ಮಗನಿಗೆ ಅದರ ಮೇಲೆ ಪ್ರೀತಿ ಇರಲಿಲ್ಲ. ಅವನನ್ನು ದೂಷಿಸಲಾಗದು. ಅವನು ಶಾಲೆಗೆ ಹೋಗುತ್ತಿದ್ದ ಕಾಲಕ್ಕೆ ಹೀರೋ ಹೋಂಡಾ, ಯಮಹಾ ಆರ್‌ಎಕ್ಸ್ 100 ಬಂದಿದ್ದವು. ಕಡಿಮೆ ಪೆಟ್ರೋಲು, ನಯವಾದ ಸದ್ದು. ಇವನ ಅಬ್ಬಾ ಮಾತ್ರ ಹೊಗೆ ಉಗುಳುವ ಹಳೆಯ ಜಾವಾದಲ್ಲಿ, ಕೆಸರು ಮೆತ್ತಿದ ಪ್ಯಾಂಟಿನಲ್ಲಿ ಶಾಲೆಯ ಗೇಟಿಗೆ ಬರುತ್ತಿದ್ದರು. ‘ಆಪಾ, ನಾನು ಗೇಟಿಗಿಂತ ಮೊದಲೇ ಇಳಿದುಬಿಡುತ್ತಿದ್ದೆ’ ಎಂದು ದಾರಿಯಲ್ಲಿ ಅವನೇ ಹೇಳಿದ. ಈಗ ಅವನಿಗೆ ಮೈಸೂರಿನಲ್ಲಿ ಅಂಗಡಿ ಇದೆ. ಅಬ್ಬಾನನ್ನು ಮೈಸೂರಿಗೆ ಕರೆತರಬೇಕು, ಕೊಟ್ಟಿಗೆ ಖಾಲಿ ಮಾಡಬೇಕು ಎಂಬುದು ಅವನ ಲೆಕ್ಕ.

ಮೊಮ್ಮಗನ ಲೆಕ್ಕ ಬೇರೆ. ಹತ್ತೊಂಬತ್ತರ ಹುಡುಗ, ಮೆಕ್ಯಾನಿಕಲ್ ಡಿಪ್ಲೊಮಾ ಓದುತ್ತಿದ್ದ. ರಜೆಗೆ ಬಂದವನು ಟಾರ್ಪಾಲು ಎತ್ತಿದ. ಮೊಬೈಲಿನಲ್ಲಿ ವೀಡಿಯೊ ನೋಡಿ ಕಾರ್ಬುರೇಟರ್ ಬಿಚ್ಚಿದ, ಟ್ಯಾಂಕಿನ ತುಕ್ಕು ತೊಳೆದ. ಎಲ್ಲ ಸರಿಯಾಯಿತು, ಬೈಕು ಮಾತ್ರ ಚಾಲೂ ಆಗಲಿಲ್ಲ. ಎರಡು ದಿನ ಕಿಕ್ ಹೊಡೆದು ಹುಡುಗನ ಕಾಲು ಊದಿತು. ಮೂರನೆಯ ದಿನ ಜಗುಲಿಯಲ್ಲಿ ಕೂತಿದ್ದ ಮಾಮೂ ಅಲ್ಲಿಂದಲೇ ಹೇಳಿದರಂತೆ: ‘ಪಾಯಿಂಟಿಗೆ ಮರಳು ಕಾಗದ ಹಿಡಿ. ಆಮೇಲೆ ಟಿಕ್ಲರ್ ಒತ್ತು, ಪೆಟ್ರೋಲು ತೊಟ್ಟಿಕ್ಕುವವರೆಗೆ ಒತ್ತು. ಬಿಸ್ಮಿಲ್ಲಾಹ್ ಅಂದು ಒಂದೇ ಕಿಕ್ ಹೊಡಿ.’ ಹುಡುಗ ಹಾಗೇ ಮಾಡಿದ. ಒಂದೇ ಕಿಕ್ಕಿಗೆ ಅಲ್ಲ, ನಾಲ್ಕನೆಯ ಕಿಕ್ಕಿಗೆ ಕೊಟ್ಟಿಗೆ ತುಂಬಾ ನೀಲಿ ಹೊಗೆ. ಅಂದಿನಿಂದ ದಾದಾ ಮೊಮ್ಮಗ ಇಬ್ಬರೂ ಕೊಟ್ಟಿಗೆಯಲ್ಲೇ. ಊಟಕ್ಕೆ ಎರಡು ಸಲ ಕರೆಯಬೇಕಾಗುತ್ತಿತ್ತಂತೆ.

ನಾವು ತಲುಪಿದ ಮರುದಿನ ಬೆಳಗ್ಗೆ ಮಳೆ ಬಿಟ್ಟಿತ್ತು. ಅಂಗಳದಲ್ಲಿ ನಾಲ್ಕು ಬೈಕುಗಳು. ಒಂದು ನಮ್ಮ ಜಾವಾ. ಇನ್ನೊಂದು ಪಕ್ಕದ ಊರಿನ ನಿವೃತ್ತ ಅಂಚೆಯಣ್ಣನ ಯೆಜ್ದಿ ರೋಡ್‌ಕಿಂಗ್. ಉಳಿದ ಎರಡು ಹುಡುಗನ ಗೆಳೆಯರದ್ದು, ಹೊಸವು. ಅದರಲ್ಲೊಂದು 2022ರಲ್ಲಿ ಮತ್ತೆ ಬಂದ ಯೆಜ್ದಿ. ಹೆಸರು ಹಳೆಯದಾದರೂ ಇಂಜಿನ್ ಹೊಸದು, ಫೋರ್ ಸ್ಟ್ರೋಕ್, ಗುಂಡಿ ಒತ್ತಿದರೆ ಚಾಲೂ. ಎಲ್ಲರೂ ತೋಟದ ಕೆಳಗಿನ ಹಳ್ಳದವರೆಗೆ ಹೋಗಿಬರುವುದೆಂದು ನಿಶ್ಚಯವಾಗಿತ್ತು.

ಹುಡುಗರು ಮೊದಲ ಇಳಿಜಾರಿನಲ್ಲೇ ಜಾರಿದರು. ಒಬ್ಬ ಮುಂದಿನ ಬ್ರೇಕ್ ಹಿಡಿದು ಮಗ್ಗುಲಿಗೆ ಬಿದ್ದ. ಪೆಟ್ಟಾಗಲಿಲ್ಲ, ಅಲ್ಹಮ್ದುಲಿಲ್ಲಾಹ್. ಕೋಲು ಊರಿಕೊಂಡು ಹಿಂದಿನಿಂದ ಬರುತ್ತಿದ್ದ ಮಾಮೂ ನಿಂತು ಪಾಠ ಶುರುಮಾಡಿದರು. ಎಪ್ಪತ್ತೇಳರ ಆ ಮನುಷ್ಯ ಅಷ್ಟು ಮಾತಾಡಿದ್ದನ್ನು ನಾನು ವರ್ಷಗಳಿಂದ ಕೇಳಿರಲಿಲ್ಲ. ‘ಕೆಸರಿನಲ್ಲಿ ಮುಂದಿನ ಬ್ರೇಕ್ ಮುಟ್ಟಬೇಡ. ಗೇರು ಇಳಿಸು, ಆಕ್ಸಿಲರೇಟರ್ ಒಂದೇ ಸಮ ಹಿಡಿ. ಹೊಂಡ ನೋಡಬೇಡ. ಹೊಂಡ ನೋಡಿದವನು ಹೊಂಡಕ್ಕೇ ಹೋಗುತ್ತಾನೆ. ನೀನು ಎಲ್ಲಿಗೆ ಹೋಗಬೇಕೋ ಅಲ್ಲಿ ನೋಡು. ಕಾಲುಪಟ್ಟಿಯ ಮೇಲೆ ಎದ್ದು ನಿಲ್ಲು. ಗಾಡಿ ಕೆಳಗೆ ಕುಣಿಯಲಿ ಬಿಡು, ನೀನು ಕುಣಿಯಬೇಡ.’

ಮೂವರು ಹುಡುಗರೂ ಶಾಲಾ ಮಕ್ಕಳಂತೆ ಕೇಳಿದರು. ಇಪ್ಪತ್ತೆರಡು ವರ್ಷ ಪಾಠ ಮಾಡಿದ ನನಗೆ ಅಷ್ಟು ಗಮನವಿಟ್ಟು ಕೇಳುವ ತರಗತಿ ಸಿಕ್ಕಿದ್ದು ಅಪರೂಪ. ಆಗ ನನಗೊಂದು ವಿಷಯ ಹೊಳೆಯಿತು. ನಮ್ಮ ಮನೆಗಳಲ್ಲಿ ಹಿರಿಯರು ಹೇಳುವುದನ್ನು ಮಕ್ಕಳು ಕೇಳುವುದಿಲ್ಲ ಎಂದು ನಾವು ಗೊಣಗುತ್ತೇವೆ. ಆದರೆ ಹಿರಿಯರಿಗೆ ಮಾತ್ರ ಗೊತ್ತಿರುವ, ಕಿರಿಯರಿಗೆ ನಿಜವಾಗಿ ಬೇಕಾಗಿರುವ ಒಂದು ಕೆಲಸವನ್ನು ಇಬ್ಬರ ಮುಂದೆ ಇಟ್ಟಿದ್ದೇವೆಯೇ? ಹೊಸ ಮೊಬೈಲಿನ ಮುಂದೆ ಅಜ್ಜ ವಿದ್ಯಾರ್ಥಿ. ಹಳೆಯ ಜಾವಾದ ಮುಂದೆ ಅಜ್ಜನೇ ಗುರು. ಅಲ್ಲಿ ಯಾರೂ ಉಪದೇಶ ಮಾಡುತ್ತಿರಲಿಲ್ಲ. ಮಧ್ಯದಲ್ಲಿ ಒಂದು ಇಂಜಿನ್ ಇತ್ತು, ಮುಂದೆ ಒಂದು ಕೆಟ್ಟ ದಾರಿ ಇತ್ತು.

ಮಗ ಮಾತ್ರ ದೂರ ನಿಂತಿದ್ದ. ಅಜ್ಜ ಮೊಮ್ಮಗ ನಗುವಾಗ ಅವನ ಮುಖ ಇನ್ನಷ್ಟು ಸಪ್ಪೆಯಾಯಿತು. ನನ್ನೊಡನೆ ಇಷ್ಟು ನಕ್ಕಿದ್ದರೇ ಅಬ್ಬಾ ಎಂಬ ಪ್ರಶ್ನೆ ಅಲ್ಲಿತ್ತು. ಹಳ್ಳದ ದಡದಲ್ಲಿ ಅವನ ಪಕ್ಕ ಕೂತು, ಮುಮಾನಿ ಅಡುಗೆಮನೆಯಲ್ಲಿ ನಮಗೆ ಹೆಣ್ಣುಮಕ್ಕಳಿಗೆ ಎಷ್ಟೋ ಬಾರಿ ಹೇಳಿದ್ದ ಒಂದು ಸಂಗತಿಯನ್ನು ಅವನಿಗೆ ಹೇಳಿದೆ.

1979ರ ಜುಲೈ. ಜಡಿಮಳೆಯ ರಾತ್ರಿ ಮುಮಾನಿಗೆ ಹೆರಿಗೆ ನೋವು ಬಂತು, ದಿನ ತುಂಬುವ ಮೊದಲೇ. ತೋಟದ ಜೀಪು ಊರಲ್ಲಿರಲಿಲ್ಲ. ಮುಖ್ಯ ರಸ್ತೆಗೆ ನಾಲ್ಕು ಕಿಲೋಮೀಟರ್, ಇದೇ ದಾರಿ. ಮಾಮೂ ಅವರನ್ನು ಜಾವಾದ ಹಿಂದೆ ಕೂರಿಸಿಕೊಂಡರು. ಆಗಿನ ಆರು ವೋಲ್ಟಿನ ದೀಪ, ಗಾಡಿ ನಿಧಾನವಾದರೆ ಬೆಳಕೂ ಮಂಕು. ಕೆಸರಿನಲ್ಲಿ ಜೋರಾಗಿ ಹೋಗುವಂತಿಲ್ಲ, ನಿಧಾನ ಹೋದರೆ ದಾರಿ ಕಾಣುವುದಿಲ್ಲ. ಮುಮಾನಿ ಒಂದು ಕೈಯಿಂದ ಗಂಡನ ಸೊಂಟ ಹಿಡಿದು, ಇನ್ನೊಂದು ಕೈಯಲ್ಲಿ ಅವರ ಹೆಗಲ ಮೇಲಿಂದ ಟಾರ್ಚ್ ಹಿಡಿದರು. ಕಡಿದಾದ ಇಳಿಜಾರು ಬಂದಲ್ಲಿ ಇಳಿದು, ಮರ ಹಿಡಿದು ನಡೆದರು. ನೋವು ಬಂದಾಗ ಟಾರ್ಚ್ ಅಲುಗುತ್ತಿತ್ತು, ಅವರು ಗಾಡಿ ನಿಲ್ಲಿಸುತ್ತಿದ್ದರು. ಮುಖ್ಯ ರಸ್ತೆಯಲ್ಲಿ ಒಂದು ಲಾರಿ ಸಿಕ್ಕಿತು. ಮಡಿಕೇರಿ ಆಸ್ಪತ್ರೆಯಲ್ಲಿ ಫಜ್ರ್ ಹೊತ್ತಿಗೆ ಮಗು ಹುಟ್ಟಿತು.

‘ಆ ಮಗು ನೀನು’ ಎಂದೆ.

ಮಳೆಯಲ್ಲಿ ಹುಟ್ಟಿದವನು ಎಂದು ಅವನಿಗೆ ಗೊತ್ತಿತ್ತು. ಬೈಕಿನ ವಿಷಯ, ಟಾರ್ಚಿನ ವಿಷಯ ಗೊತ್ತಿರಲಿಲ್ಲ. ಮಾಮೂ ಹೇಳುವ ಪೈಕಿ ಅಲ್ಲ. ಮುಮಾನಿ ಗಂಡುಮಕ್ಕಳ ಮುಂದೆ ಹೆರಿಗೆಯ ಮಾತು ಎತ್ತಿದವರಲ್ಲ. ಹೀಗೆ ಒಂದು ಮನೆಯ ಚರಿತ್ರೆಯ ಅರ್ಧ ಭಾಗ ಅಡುಗೆಮನೆಯಲ್ಲೇ ಉಳಿದುಬಿಟ್ಟಿತ್ತು. ಓದುಗ ಸಹೋದರಿಯರೇ, ನಿಮ್ಮ ಬಳಿಯೂ ಇಂಥ ಸಂಗತಿಗಳಿರುತ್ತವೆ. ಗಂಡುಮಕ್ಕಳಿಗೂ ಹೇಳಿಬಿಡಿ.

ಅವನು ಏನೂ ಮಾತಾಡಲಿಲ್ಲ. ಸ್ವಲ್ಪ ಹೊತ್ತಿನ ನಂತರ ಎದ್ದುಹೋಗಿ ತನ್ನ ಮಗನ ಕೈಯಿಂದ ಹ್ಯಾಂಡಲ್ ತೆಗೆದುಕೊಂಡ. ‘ಅಬ್ಬಾ, ಕಿಕ್ ಹೇಗೆ ತಿರುಗಿಸುವುದು?’ ಎಂದು ಕೇಳಿದ. ನಲವತ್ತೈದನೆಯ ವಯಸ್ಸಿನಲ್ಲಿ. ಮಾಮೂ ಕೋಲನ್ನು ಮೊಮ್ಮಗನಿಗೆ ಕೊಟ್ಟು, ಬಗ್ಗಿ, ಮಗನ ಪಾದವನ್ನು ಕೈಯಿಂದಲೇ ಲಿವರಿನ ಮೇಲೆ ಇಟ್ಟು ತೋರಿಸಿದರು. ಬೈಕು ಎರಡು ಸಲ ನಿಂತಿತು, ಮೂರನೆಯ ಸಲ ಹಳ್ಳ ದಾಟಿತು. ದಾಟಿದವನು ಆ ದಡದಲ್ಲಿ ಬಹಳ ಹೊತ್ತು ನಿಂತಿದ್ದ. ಯಾರೂ ಕರೆಯಲಿಲ್ಲ.

ಆ ವರ್ಷದ ಜುಲೈ ತಿಂಗಳ ಎರಡನೆಯ ಭಾನುವಾರ ಮೂವರೂ ಮೈಸೂರಿನಲ್ಲಿದ್ದರು. ಪ್ರತಿವರ್ಷ ಆ ದಿನವನ್ನು ಜಾವಾ ಯೆಜ್ದಿ ದಿನವೆಂದು ಆಚರಿಸುತ್ತಾರೆ. ಬೆಂಗಳೂರು, ಮೈಸೂರು ಮುಂತಾದ ಕಡೆ ಹಳೆಯ ಬೈಕುಗಳೆಲ್ಲ ಒಂದೆಡೆ ಸೇರುತ್ತವೆ. ನಾನೂ ನೋಡಲು ಹೋಗಿದ್ದೆ. ಬಿಳಿ ಗಡ್ಡದವರು, ಕಿವಿಯಲ್ಲಿ ಇಯರ್‌ಫೋನ್ ಸಿಕ್ಕಿಸಿದ ಹುಡುಗರು, ತಂದೆಯ ಹಿಂದೆ ಕೂತು ಬಂದ ಪುಟ್ಟ ಹುಡುಗಿಯರು. ತಾನೇ ಕಿಕ್ ಹೊಡೆದು ಬೈಕ್ ಚಾಲೂ ಮಾಡಿದ ಒಬ್ಬ ಕಾಲೇಜು ಹುಡುಗಿಗೆ ಸುತ್ತ ನಿಂತವರು ಚಪ್ಪಾಳೆ ತಟ್ಟಿದರು. ಯಾರು ಯಾವ ಜಾತಿ, ಯಾವ ಊರು ಎಂದು ಯಾರೂ ಕೇಳಲಿಲ್ಲ. ಯಾವ ವರ್ಷದ ಗಾಡಿ, ಪಿಸ್ಟನ್ ಎಲ್ಲಿ ಸಿಕ್ಕಿತು, ಎಣ್ಣೆ ಎಷ್ಟು ಹಾಕುತ್ತೀರಿ ಎಂದು ಕೇಳಿದರು. ಮಾಮೂ ಸುತ್ತ ಒಂದು ಗುಂಪೇ ಸೇರಿತ್ತು. ಇಂದು ಈ ಗಾಡಿಗಳನ್ನು ಬಲ್ಲ ಹಳೆಯ ಮೆಕ್ಯಾನಿಕ್‌ಗಳು ಒಬ್ಬೊಬ್ಬರಾಗಿ ಕಣ್ಮರೆಯಾಗುತ್ತಿದ್ದಾರೆ. ಸದ್ದು ಕೇಳಿಯೇ ರೋಗ ಹೇಳುವ ಕಿವಿ ಯಾವ ಪುಸ್ತಕದಲ್ಲೂ ಸಿಗುವುದಿಲ್ಲ. ಪಕ್ಕದಲ್ಲಿ ನಿಂತು, ಕೈ ಎಣ್ಣೆ ಮಾಡಿಕೊಂಡು ಕಲಿಯಬೇಕು.

ಹಳೆಯದೆಲ್ಲ ಒಳ್ಳೆಯದೆಂದು ನಾನು ಹೇಳುವುದಿಲ್ಲ. ಪೆಟ್ರೋಲಿನ ಜೊತೆ ಎಣ್ಣೆಯನ್ನೂ ಸುಡುವ ಟೂ ಸ್ಟ್ರೋಕ್ ಇಂಜಿನಿನ ಹೊಗೆ ಕೆಟ್ಟದ್ದೇ. ಇಂಥ ಗಾಡಿಗಳ ತಯಾರಿಕೆ ನಿಂತದ್ದಕ್ಕೆ ಹೊಗೆಯೂ ಒಂದು ಕಾರಣ. ದಿನನಿತ್ಯದ ಓಡಾಟಕ್ಕೆ ಇದು ತಕ್ಕುದಲ್ಲ. ಹೆಲ್ಮೆಟ್ ಇಲ್ಲದೆ, ಹಿರಿಯರ ಜೊತೆಯಿಲ್ಲದೆ ಹುಡುಗರನ್ನು ಕಾಡುದಾರಿಗೆ ಬಿಡಲೂಬೇಡಿ. ಕಾನೂನನ್ನೂ ತಿಳಿದುಕೊಳ್ಳಿ. 2021ರಲ್ಲಿ ಕೇಂದ್ರ ಸರಕಾರ ತಂದ ನಿಯಮದ ಪ್ರಕಾರ ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಮೂಲರೂಪದಲ್ಲೇ ಇರುವ ವಾಹನವನ್ನು ವಿಂಟೇಜ್ ಎಂದು ನೋಂದಾಯಿಸಬಹುದು. ಅದಕ್ಕೆ ಬೇರೆ ಬಗೆಯ ನಂಬರ್ ಪ್ಲೇಟು ಕೊಡುತ್ತಾರೆ. ಆದರೆ ಹಾಗೆ ನೋಂದಾಯಿಸಿದ ಗಾಡಿಯನ್ನು ಪ್ರದರ್ಶನ, ರ‍್ಯಾಲಿ, ರಿಪೇರಿ, ಪೆಟ್ರೋಲು ತುಂಬಿಸುವುದು ಇಂಥ ಕೆಲವೇ ಕಾರಣಗಳಿಗೆ ರಸ್ತೆಗೆ ತರಬಹುದು. ನಮ್ಮ ಜಾವಾದ ಕಾಗದಪತ್ರದ ಓಡಾಟವನ್ನು ಈಗ ಮಗನೇ ವಹಿಸಿಕೊಂಡಿದ್ದಾನೆ. ಗುಜರಿಯವನಿಗೆ ಫೋನ್ ಮಾಡಿ ಬೇಡ ಎಂದವನೂ ಅವನೇ.

ಮಾಮೂ ಮೈಸೂರಿಗೆ ಬಂದು ನೆಲೆಸಲು ಒಪ್ಪಲಿಲ್ಲ. ಆದರೆ ತಿಂಗಳಿಗೊಮ್ಮೆ ಮಗ ಮೊಮ್ಮಗ ಇಬ್ಬರೂ ಸುಂಟಿಕೊಪ್ಪಕ್ಕೆ ಹೋಗುತ್ತಾರೆ. ಕಾರನ್ನು ಮುಖ್ಯ ರಸ್ತೆಯಲ್ಲೇ ಬಿಟ್ಟು, ಉಳಿದ ನಾಲ್ಕು ಕಿಲೋಮೀಟರ್ ನಡೆಯುತ್ತಾರೆ. ಕೊಟ್ಟಿಗೆಯಲ್ಲಿ ಟಾರ್ಪಾಲು ಈಗ ಮಡಚಿ ಮೂಲೆಯಲ್ಲಿದೆ. ಸೀಟಿನ ಕೆಳಗೆ ಪ್ಲಗ್ಗು, ಮರಳು ಕಾಗದ, ಸ್ಪ್ಯಾನರು, ಒಣ ಬಟ್ಟೆಯ ಜೊತೆ ಹೊಸದಾಗಿ ಒಂದು ಟಾರ್ಚ್ ಸೇರಿದೆ. ಅದನ್ನು ಇಟ್ಟವನು ಯಾರೆಂದು ಮಾಮೂ ಕೇಳಿಲ್ಲ, ಅವನೂ ಹೇಳಿಲ್ಲ.

ಮುಂದಿನ ಬಾರಿ ಮೈಸೂರಿಗೆ ಬಂದರೆ ಯಾದವಗಿರಿಯ ರಸ್ತೆಯಲ್ಲಿ ಒಮ್ಮೆ ನಡೆದುಬನ್ನಿ. ಊರಿಗೆ ಮರಳಿದ ಮೇಲೆ ನಿಮ್ಮ ಕೊಟ್ಟಿಗೆಯಲ್ಲೋ ಅಟ್ಟದ ಮೇಲೋ ಮುಚ್ಚಿಟ್ಟ ಹಳೆಯ ವಸ್ತು ಏನಾದರೂ ಇದ್ದರೆ, ಅದು ಬೈಕೇ ಆಗಬೇಕಿಲ್ಲ, ಹೊಲಿಗೆ ಯಂತ್ರವೋ ರೇಡಿಯೋವೋ ಆಗಿರಲಿ, ಮಾರುವ ಮೊದಲು ಮನೆಯ ಹಿರಿಯರನ್ನೂ ಕಿರಿಯರನ್ನೂ ಅದರ ಮುಂದೆ ಒಂದು ದಿನ ಕೂರಿಸಿ ನೋಡಿ.